ತಂದೆಯ ಬಿಪಿಗೂ ಮಿಲಿಟರಿ ಸೇವೆಗೂ ಸಂಬಂಧವಿಲ್ಲ ಅಂದಿದ್ದಾರೆ, ಅಪೀಲ್ ಮಾಡಿದರೆ ಉಪಯೋಗ ಇದೆಯಾ?

ಇದೆ. ಆದರೆ ಮೊದಲು ಒಂದು ಕಾಗದ ನೋಡಬೇಕು.

ನೀವು ಬರೆದ ಪ್ರಕಾರ ತಂದೆಯವರು ಹುಕ್ಕೇರಿ ಕಡೆಯವರು. ತೋಪಖಾನೆಯಲ್ಲಿ ಹವಾಲ್ದಾರ್ ಆಗಿದ್ದು 2019ರಲ್ಲಿ ಪೆನ್ಷನ್ ಆಗಿ ಬಂದರು. ಬಿಪಿಗೆ 30% ಡಿಸೆಬಿಲಿಟಿ (ಅಂಗವೈಕಲ್ಯ) ಕೊಟ್ಟ ಮೆಡಿಕಲ್ ಬೋರ್ಡೇ 'ಸೇವೆಗೆ ಸಂಬಂಧವಿಲ್ಲ' ಅಂದಿದೆ, ಅದಕ್ಕೇ ಡಿಸೆಬಿಲಿಟಿ ಪೆನ್ಷನ್ ಸಿಕ್ಕಿಲ್ಲ. ನಾನೂ ಮಾಜಿ ಸೈನಿಕ, ಬೈಲಹೊಂಗಲದವನು. ನಮ್ಮ ಕಡೆ ಇಂಥ ಕಾಗದ ಹಿಡಿದುಕೊಂಡು ಮನೆಗೆ ಬರುವವರು ಜಾಸ್ತಿ.

ಸೇನೆ ಬಿಡುವಾಗ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡ್‌ನ ಫಾರಂಗೆ ಎಎಫ್‌ಎಂಎಸ್‌ಎಫ್-16 ಅಂತಾರೆ. ಅದರಲ್ಲಿ ಕಾಯಿಲೆಯ ಹೆಸರಿನ ಮುಂದೆ ಸೇವೆಯಿಂದ ಬಂತಾ, ಸೇವೆಯಿಂದ ಜಾಸ್ತಿ ಆಯ್ತಾ ಅನ್ನುವ ಕಾಲಂ ಇರುತ್ತವೆ. ಎರಡಕ್ಕೂ 'ನೋ'. ಪಕ್ಕದಲ್ಲೇ ಕಾರಣ ಬರೆಯುವ ಜಾಗ. ಎಷ್ಟೋ ಸಲ ಅಲ್ಲಿರೋದು ಒಂದೇ ಸಾಲು: 'ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ', ಅಂದರೆ ಗಡಿ, ಫೀಲ್ಡ್ ಅಲ್ಲದ ಶಾಂತ ಜಾಗದಲ್ಲಿ. ನಿಮ್ಮ ಇಡೀ ಅಪೀಲು ನಿಲ್ಲೋದು ಆ ಸಾಲಿನ ಮೇಲೆ. ಬಿಪಿ ಇದೆ ಅಂತ ಅವರೇ ಒಪ್ಪಿದ್ದಾರೆ, ಅದನ್ನೇ ಮತ್ತೆ ಪುಟಗಟ್ಟಲೆ ಬರೆಯಬೇಡಿ.

2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಸೇರುವಾಗಿನ ಮೆಡಿಕಲ್‌ನಲ್ಲಿ ಕಾಯಿಲೆ ದಾಖಲಾಗಿಲ್ಲ ಅಂದರೆ ಅದು ಸೇವೆಯಿಂದ ಬಂತು ಅಂತಲೇ ಹಿಡಿಯಬೇಕು. ಅಲ್ಲ ಅನ್ನೋದಾದರೆ ಬೋರ್ಡ್ ಕಾರಣ ಕೊಡಬೇಕು. ಸಾಬೀತು ಮಾಡುವ ಹೊಣೆ ಸೈನಿಕನದ್ದಲ್ಲ. 2023ರ ಸೆಪ್ಟೆಂಬರ್ 21ರ ನಂತರ ಬಿಟ್ಟವರಿಗೆ ಹೊಸ ನಿಯಮ ಬಂದಿದೆ, ತಂದೆಯವರದ್ದು ಅದಕ್ಕೂ ಮುಂಚಿನದು.

ಈಗ ತಂದೆಯವರನ್ನು ಕೂರಿಸಿಕೊಂಡು ಪೋಸ್ಟಿಂಗ್ ಪಟ್ಟಿ ಮಾಡಿ. ಲೇಹ್, ಸಿಯಾಚಿನ್, ಕಾಶ್ಮೀರ ಎಲ್ಲ ತಾರೀಖಿನ ಸಮೇತ. ಬಿಪಿ ಮೊದಲು ಕಂಡ ತಾರೀಖು ಅದರ ಪಕ್ಕ ಇಡಿ. ಫೀಲ್ಡ್‌ನಿಂದ ಇಳಿದ ಸ್ವಲ್ಪ ದಿನಕ್ಕೇ ಕಂಡಿದ್ದರೆ 'ಪೀಸ್ ಸ್ಟೇಷನ್' ಅನ್ನೋ ಮಾತಿಗೆ ಬಲ ಇರಲ್ಲ, ಅಲ್ವಾ? ಆದರೆ ಬೋರ್ಡ್ ತೂಕ ಜಾಸ್ತಿ, ತಂಬಾಕು ಅಂತೆಲ್ಲ ಕಾರಣ ವಿವರವಾಗಿ ಬರೆದಿದ್ದರೆ ಕೇಸು ಕಷ್ಟ. ಸುಮ್ನೆ ಆಸೆ ಹುಟ್ಟಿಸಲ್ಲ. ಹಾಗೇ, ತೋಪಿನ ಸದ್ದಿಗೆ ಕಿವಿ ಮಂದ ಆಗಿದ್ದರೆ ಅದೂ ಫಾರಂನಲ್ಲಿ ಇದೆಯಾ ನೋಡಿ.

ಮೊದಲ ಅಪೀಲು ರೆಕಾರ್ಡ್ಸ್ (ಸೈನಿಕರ ದಾಖಲೆ ಇಡುವ ಕಚೇರಿ) ಮೂಲಕ ಹೋಗುತ್ತೆ, ತೋಪಖಾನೆಯವರಿಗೆ ಅದು ನಾಸಿಕ್. ಫಾರಂ ನಕಲು ಮನೇಲಿ ಇಲ್ಲದಿದ್ದರೆ ಅಲ್ಲಿಗೇ ಬರೆಯಿರಿ. ಅರ್ಜಿ ಬರೆಯೋಕೆ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಮೊದಲ ಅಪೀಲು ತಿರಸ್ಕಾರ ಆದರೆ ಎರಡನೇ ಅಪೀಲು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರುತ್ತೆ. ಅಪೀಲಿಗೆ 6 ತಿಂಗಳಾದರೂ ಉತ್ತರ ಬರದಿದ್ದರೆ ಕಾಯದೆ ಅಲ್ಲಿಗೆ ಹೋಗಬಹುದು.

ದುಡ್ಡಿನ ಲೆಕ್ಕ ಹೀಗೆ. 100% ಡಿಸೆಬಿಲಿಟಿಗೆ ಕೊನೆಯ ಸಂಬಳದ 30%. ತಂದೆಯವರ ಡಿಸೆಬಿಲಿಟಿ 30% ಇದ್ದರೂ ರೌಂಡಿಂಗ್ ಆಫ್ ಸಿಕ್ಕರೆ 50% ಅಂತ ಹಿಡಿಯುತ್ತಾರೆ, ಅಂದರೆ ಆ ಮೊತ್ತದ ಅರ್ಧ. ಕೊನೆಯ ಸಂಬಳ 40,000 ಆಗಿದ್ದರೆ ತಿಂಗಳಿಗೆ 6,000, ಮೇಲೆ ಡಿಎ. ಅವಧಿ ಮುಗಿಸಿ ಬಂದವರಿಗೂ ಈ ರೌಂಡಿಂಗ್ ಇದೆ ಅಂತ ಸುಪ್ರೀಂ ಕೋರ್ಟ್‌ನ 2014ರ ರಾಮ್ ಅವತಾರ್ ತೀರ್ಪು ಹೇಳಿದೆ.

ಇಷ್ಟು ವರ್ಷ ಆಯ್ತಲ್ಲ ಅಂತ ಬಿಡಬೇಡಿ. ಪೆನ್ಷನ್ ತಿಂಗಳು ತಿಂಗಳು ಬರಬೇಕಾದ ಹಕ್ಕು, ತಡವಾದರೂ ಕೇಳಬಹುದು. ಆದರೆ ಹಳೇ ಬಾಕಿ ಸಾಮಾನ್ಯವಾಗಿ ಕೇಸು ಹಾಕಿದ ದಿನದಿಂದ ಹಿಂದಿನ 3 ವರ್ಷದ್ದು ಮಾತ್ರ ಕೊಡಿಸುತ್ತಾರೆ. ಆ ಬಾಕಿಯಲ್ಲಿ ಅರ್ಧ ಕೊಡಿ ಅನ್ನೋ ವಕೀಲರೂ ಸಿಗುತ್ತಾರೆ, ಫೀಸು ಮೊದಲೇ ಮಾತಾಡಿಕೊಳ್ಳಿ.