ತಲೆಗೆ ಪೆಟ್ಟು ಬಿದ್ದ ಮೇಲೆ ಓದೋಕೆ ಆಗ್ತಿಲ್ಲ, ಕಣ್ಣು ಮಾತ್ರ 6/6 ಅಂತಾರೆ. ಏನು ಮಾಡೋದು?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೇ ಕಥೆಯನ್ನೇ ಯಾರೋ ಬರೆದ ಹಾಗನಿಸಿತು. ನಿಮಗೆ ಮೂರು ತಿಂಗಳ ಹಿಂದೆ ಬೈಕ್ ಸ್ಕಿಡ್ ಆಗಿ ತಲೆಗೆ ಪೆಟ್ಟು, ಸಿಟಿ ಸ್ಕ್ಯಾನ್ ನಾರ್ಮಲ್, ಕಣ್ಣು 6/6, ಆದರೂ ಕೆಎಎಸ್ ಪುಸ್ತಕ ಎರಡು ಪುಟ ದಾಟುತ್ತಿಲ್ಲ, ಮನೆಯಲ್ಲಿ ಸೋಮಾರಿತನ ಅಂತಾರೆ, ಇನ್ಯಾರೋ 30 ಸೆಷನ್‌ನ ವಿಷನ್ ಥೆರಪಿ (ಕಣ್ಣಿನ ವ್ಯಾಯಾಮ) ಪ್ಯಾಕೇಜ್ ತಗೊಳ್ಳಿ ಅಂತಾರೆ. ಆ ಥೆರಪಿಗೆ ಆಧಾರ ಇದೆಯಾ, ಬೈಕ್ ಓಡಿಸಬಹುದಾ ಅಂತಲೂ ಕೇಳಿದ್ದೀರಿ. ಅಷ್ಟೇ ಅಲ್ವಾ? ಇದು ಸೋಮಾರಿತನ ಅಲ್ಲ. ಆದರೆ ಪ್ಯಾಕೇಜಿಗೂ ಈಗಲೇ ದುಡ್ಡು ಕಟ್ಟಬೇಡಿ. ಮೊದಲು ಅಳತೆ ಮಾಡಿಸಿ. ಯಾವ ಅಳತೆ ಅಂತ ಮುಂದೆ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ, ಅಚ್ಚಿಗೆ ಹೋಗೋ ಪುಸ್ತಕಗಳ ಪ್ರೂಫ್ ತಿದ್ದಿ ಹೊಟ್ಟೆ ಹೊರೆಯುವವನು, ಅದನ್ನು ನೆನಪಿಟ್ಟುಕೊಂಡು ಓದಿ.

ನನಗೆ ಪೆಟ್ಟು ಬಿದ್ದಿದ್ದು ಬೈಕಿನಿಂದಲೂ ಅಲ್ಲ. ತೀರ್ಥಹಳ್ಳಿ ಕಡೆ ಮಾವನ ಮನೆ, ಹಳೇ ಕಾಲದ ತಗ್ಗು ಬಾಗಿಲು. ಊಟಕ್ಕೆ ಕರೆದರು ಅಂತ ಬಿರಬಿರನೆ ಹೋದೆ, ಬಗ್ಗೋದು ಮರೆತೆ, ಹಣೆ ನೇರ ದಾರಂದಕ್ಕೆ. ಪ್ರಜ್ಞೆ ತಪ್ಪಲಿಲ್ಲ. ಆದರೆ ಆವತ್ತು ಊಟಕ್ಕೆ ಏನಿತ್ತು ಅಂತ ಇವತ್ತಿಗೂ ನೆನಪಿಲ್ಲ. ಸಂಜೆ ಎರಡು ಸಲ ವಾಂತಿಯಾಯಿತು ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ, 'ಮೈಲ್ಡ್' ಅಂದರು.

ಈ 'ಮೈಲ್ಡ್' ಅನ್ನೋ ಪದದಿಂದ ಮನೆಯವರಿಗೆ ತಪ್ಪು ತಿಳಿವಳಿಕೆ ಆಗುತ್ತೆ. ಅದು ಪೆಟ್ಟು ಬಿದ್ದ ಹೊತ್ತಿನ ಎಚ್ಚರದ ಲೆಕ್ಕ. ಎಚ್ಚರ ಅಳೆಯುವ ಗ್ಲಾಸ್ಗೋ ಸ್ಕೋರ್ 15ಕ್ಕೆ 13 ಅಥವಾ ಅದಕ್ಕಿಂತ ಮೇಲಿರಬೇಕು, ಪ್ರಜ್ಞೆ ತಪ್ಪಿದ್ದರೂ ಅರ್ಧ ಗಂಟೆ ಮೀರಿರಬಾರದು, ಹೀಗೆ. ಮುಂದೆ ನಿಮ್ಮ ಓದಿಗೆ ಎಷ್ಟು ತೊಂದರೆ ಆಗುತ್ತೆ ಅಂತ ಅದು ಹೇಳೋದಿಲ್ಲ. ಸಿಟಿ ಸ್ಕ್ಯಾನ್ ನೋಡೋದು ರಕ್ತಸ್ರಾವ, ಮೂಳೆ ಮುರಿತ ಇಂಥದ್ದನ್ನು. ನರದ ಎಳೆಗಳು ಜಗ್ಗಿದ್ದರೆ ಅದರಲ್ಲಿ ಕಾಣಲ್ಲ.

ವಾರ ಬಿಟ್ಟು ಕೆಲಸಕ್ಕೆ ಕೂತೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ದೀರ್ಘದ ಗುರುತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರೋಕೆ ಶುರುವಾಯಿತು. ಸಾಲಿನ ಕೊನೆಗೆ ಹೋಗಿ ವಾಪಸ್ ಬರುವಾಗ ಅದೇ ಸಾಲಿಗೆ ಬರುತ್ತಿದ್ದೆ, ಇಲ್ಲ ಒಂದು ಸಾಲು ಹಾರುತ್ತಿದ್ದೆ. ಒತ್ತಕ್ಷರ ಮೇಲಿನ ಸಾಲಿನದಾ ಕೆಳಗಿನದಾ ಅಂತ ಬೆರಳಿಟ್ಟು ನೋಡಬೇಕಿತ್ತು. ಒಂದು ಪುಸ್ತಕದಲ್ಲಿ ಇಡೀ ಸಾಲು ಎರಡು ಸಲ ಅಚ್ಚಾಗಿ ಬಂತು, ನಾನು ಪಾಸ್ ಮಾಡಿದ ಪುಟ. ಗೊತ್ತಾಗಿರಲೇ ಇಲ್ಲ, ಯಾಕಂದ್ರೆ ಆಗ ನಾನು ಎಲ್ಲ ಸಾಲನ್ನೂ ಎರಡೆರಡು ಸಲ ಓದುತ್ತಿದ್ದೆ!

ಕಣ್ಣು ತೋರಿಸಿದೆ. 6/6. ಕಣ್ಣಿಗೆ ಡ್ರಾಪ್ಸ್ ಕೊಟ್ಟು, ಮೊಬೈಲ್ ಕಮ್ಮಿ ಮಾಡಿ ಅಂದರು.

ವಿಷಯ ಏನಂದ್ರೆ, 6/6 ಅನ್ನೋದು ಒಂದೊಂದೇ ಕಣ್ಣು 6 ಮೀಟರ್ ದೂರದ ಅಕ್ಷರವನ್ನು ನಿಂತಲ್ಲೇ ಎಷ್ಟು ಸ್ಪಷ್ಟವಾಗಿ ನೋಡುತ್ತೆ ಅನ್ನೋದು ಮಾತ್ರ. ಓದೋದು ಬೇರೆ ಕೆಲಸ. ಎರಡೂ ಕಣ್ಣು ಒಳಕ್ಕೆ ತಿರುಗಿ ಒಂದೇ ಅಕ್ಷರದ ಮೇಲೆ ಕೂರಬೇಕು, ಹತ್ತಿರಕ್ಕೆ ಫೋಕಸ್ ಆಗಬೇಕು, ಆಮೇಲೆ ಇಬ್ಬರೂ ಜೋಡೆತ್ತಿನ ಹಾಗೆ ಒಟ್ಟಿಗೆ ಪದದಿಂದ ಪದಕ್ಕೆ ಜಿಗಿಯಬೇಕು. ಈ ಮೂರನ್ನೂ ನಡೆಸೋದು ಮೆದುಳು. ತಲೆಗೆ ಪೆಟ್ಟಾದವರಲ್ಲಿ ಇವು ತಪ್ಪೋದು ಅಪರೂಪವೇನಲ್ಲ. ಕಣ್ಣು ಒಳಕ್ಕೆ ತಿರುಗಿ ನಿಲ್ಲದೇ ಇರೋದಕ್ಕೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಅಂತಾರೆ. ನನಗೆ ಇದ್ದಿದ್ದು ಮುಖ್ಯವಾಗಿ ಅದೇ.

ಗೊತ್ತಾಗಿದ್ದು ಬೆಂಗಳೂರಿನಲ್ಲಿ, ಅದೂ ನಾಲ್ಕನೇ ತಿಂಗಳಿಗೆ. ಅಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಒಬ್ಬ ಹುಡುಗಿ, ಆಪ್ಟೋಮೆಟ್ರಿಸ್ಟ್, ಪುಟ್ಟ ಅಕ್ಷರ ಅಂಟಿಸಿದ ಒಂದು ಕಡ್ಡಿಯನ್ನು ನನ್ನ ಮೂಗಿನ ಕಡೆಗೆ ನಿಧಾನ ತಂದರು. "ಸಾರ್, ಎರಡಾದ ತಕ್ಷಣ ಹೇಳಿ." ಹೇಳಿದೆ. ಸ್ಕೇಲ್ ಇಟ್ಟು ನೋಡಿದರೆ 17 ಸೆಂ.ಮೀ. ಸಾಮಾನ್ಯವಾಗಿ 6 ಸೆಂ.ಮೀ. ಒಳಗೆ ಬರೋವರೆಗೂ ಒಂದೇ ಕಾಣಬೇಕಂತೆ. ಐದು ಸಲ ಮಾಡಿದರು, ಐದನೇ ಸಲಕ್ಕೆ 21. ಸುಸ್ತಾದಷ್ಟೂ ಜಾಸ್ತಿ ಆಗುತ್ತಿತ್ತು. ನನಗೆ ಅಳು ಬಂತು, ನಿಜ ಹೇಳ್ತೀನಿ. ನಾಲ್ಕು ತಿಂಗಳು ನಾಟಕ ಅನ್ನಿಸಿಕೊಂಡಿದ್ದು ಒಂದು ಸ್ಕೇಲಿನ ಮೇಲೆ ಅಂಕಿಯಾಗಿ ಕೂತಿತ್ತು.

ನೀವೂ ಇದನ್ನೇ ಕೇಳಿ. ದೊಡ್ಡ ಕಣ್ಣಿನ ಆಸ್ಪತ್ರೆಯಲ್ಲಿ ಬೈನಾಕ್ಯುಲರ್ ವಿಷನ್ (ಎರಡೂ ಕಣ್ಣಿನ ಜೋಡಿ ನೋಟದ) ಕ್ಲಿನಿಕ್ ಇದೆಯಾ ಅಂತ ವಿಚಾರಿಸಿ, ಇಲ್ಲದಿದ್ದರೆ ಮಾಲುಗಣ್ಣಿನ ವಿಭಾಗದಲ್ಲಿ ಕೇಳಿ. ತಲೆಗೆ ಪೆಟ್ಟಾಗಿದೆ, ಹತ್ತಿರದ ಓದು ಆಗ್ತಿಲ್ಲ, ಕನ್ವರ್ಜೆನ್ಸ್ ಮತ್ತು ಫೋಕಸ್ ಅಳೆಯಿರಿ ಅಂತ ಬಾಯಿಬಿಟ್ಟು ಹೇಳಿ. ಬರೀ 'ಕಣ್ಣು ಮಂಜು' ಅಂದರೆ ಮತ್ತೆ ಅದೇ ಬೋರ್ಡ್ ಓದಿಸಿ ಕಳಿಸುತ್ತಾರೆ. ಅಂಕಿಗಳನ್ನು ಬರೆಸಿಕೊಂಡು ಬನ್ನಿ. ಅಂಕಿ ಇಲ್ಲದೆ ಪ್ಯಾಕೇಜ್ ಮಾರುವವರ ಹತ್ತಿರ ಹೋಗಬೇಡಿ, ಯಾಕಂದ್ರೆ ಹತ್ತು ಸೆಷನ್ ಆದಮೇಲೆ ಸುಧಾರಿಸಿದೆಯಾ ಅಂತ ಅವರಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.

ಥೆರಪಿ ಅಂದರೆ ನಾನು ಏನೋ ದೊಡ್ಡ ಮೆಷಿನ್ ಅಂದುಕೊಂಡಿದ್ದೆ. ಕೊಟ್ಟಿದ್ದು ಒಂದು ದಾರ, ಮೂರು ಮಣಿ. ಬ್ರಾಕ್ ಸ್ಟ್ರಿಂಗ್ ಅಂತ ಹೆಸರು. ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ಮೂಗಿನ ತುದಿಗೆ ಹಿಡಿದುಕೊಂಡು ನಡುವಿನ ಮಣಿ ನೋಡಬೇಕು. ಎರಡೂ ಕಣ್ಣು ಕೆಲಸ ಮಾಡುತ್ತಿದ್ದರೆ ಒಂದೇ ದಾರ ಎರಡಾಗಿ ಕಾಣುತ್ತೆ, ಅವು ಸರಿಯಾಗಿ ಮಣಿಯಲ್ಲೇ ಕತ್ತರಿಯ ಹಾಗೆ ದಾಟಬೇಕು. ನನಗೆ ದಾಟುತ್ತಿದ್ದದ್ದು ಮಣಿಯ ಹಿಂದೆ. ಅಂದರೆ ಕಣ್ಣು ಅಷ್ಟು ಒಳಕ್ಕೆ ಬರುತ್ತಿಲ್ಲ. ಕೆಲವು ಸಲ ಒಂದು ದಾರ ಮಾಯವೇ ಆಗುತ್ತಿತ್ತು. ಆಗ ಮೆದುಳು ಒಂದು ಕಣ್ಣನ್ನು ಸುಮ್ನೆ ಕೂರಿಸಿದೆ ಅಂತ ಅರ್ಥ. ಮೊದಲ ವಾರ ಎರಡು ನಿಮಿಷಕ್ಕೆ ಹಣೆ ಸಿಡಿಯುತ್ತಿತ್ತು. ನಮ್ಮಮ್ಮ ಬಂದು ನೋಡಿ, "ಏನೋ ಇದು, ಮನೆಯೊಳಗೆ ಗಾಳಿಪಟ ಹಾರಿಸ್ತಿದ್ದೀಯಾ?" ಅಂದರು.

ಇನ್ನೊಂದು, ಗೋಡೆ ಮೇಲೆ ದೊಡ್ಡ ಅಕ್ಷರದ ಚಾರ್ಟ್, ಕೈಯಲ್ಲಿ ಸಣ್ಣದು, ಒಂದು ಸಾಲು ಅಲ್ಲಿ ಒಂದು ಸಾಲು ಇಲ್ಲಿ ಓದೋದು. ಇಂಗ್ಲಿಷ್ ಅಕ್ಷರದ್ದು ಬೇಜಾರಾಗಿ ಕನ್ನಡದ್ದು ಮಾಡಿಕೊಂಡೆ. ಬ-ಭ, ದ-ಧ, ಪ-ಷ ಅಕ್ಕಪಕ್ಕ ಹಾಕಿದರೆ ಕಣ್ಣು ಕದಿಯೋಕೆ ಆಗಲ್ಲ, ಮಾಡಿ ನೋಡಿ. ಕ್ಲಿನಿಕ್‌ಗೆ ವಾರಕ್ಕೊಮ್ಮೆ, ಮನೆಯಲ್ಲಿ ದಿನಾ ಕಾಲು ಗಂಟೆ, 12 ವಾರ. ಕೊನೆಗೆ 7 ಸೆಂ.ಮೀ.ಗೆ ಬಂತು.

ಇದಕ್ಕೆ ಆಧಾರ ಇದೆಯಾ ಅಂತ ನೀವು ಕೇಳಿದ್ದೀರಿ. ಕನ್ವರ್ಜೆನ್ಸ್ ತೊಂದರೆಗೆ ಇದೆ. ಅಮೆರಿಕದಲ್ಲಿ 2008ರಲ್ಲಿ ಬಂದ ಒಂದು ಪ್ರಯೋಗದಲ್ಲಿ 9ರಿಂದ 17 ವರ್ಷದ 221 ಮಕ್ಕಳಿದ್ದರು. ಕ್ಲಿನಿಕ್‌ನಲ್ಲಿ 12 ವಾರ ಥೆರಪಿ ಮಾಡಿದವರಲ್ಲಿ ಸುಮಾರು 73% ಮಕ್ಕಳು ಗುಣ ಅಥವಾ ಸುಧಾರಣೆ ಕಂಡರು, ಮನೆಯಲ್ಲಿ ಬರೀ ಪೆನ್ಸಿಲ್ ನೋಡುವ ವ್ಯಾಯಾಮ ಮಾಡಿದವರಲ್ಲಿ 43%. ಆದರೆ ಆ ಮಕ್ಕಳು ತಲೆಗೆ ಪೆಟ್ಟಾದವರಲ್ಲ. ಹಾಗಾಗಿ ಆ ಅಂಕಿಯನ್ನು ತೋರಿಸಿ ನಿಮಗೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ನೆನಪಿನ ಶಕ್ತಿ, ಏಕಾಗ್ರತೆ ಎಲ್ಲ ಇದರಿಂದಲೇ ಸರಿಹೋಗುತ್ತೆ ಅನ್ನುವವರನ್ನಂತೂ ಬೇಡವೇ ಬೇಡ.

ನನಗೂ ಎಲ್ಲ ಅದರಿಂದ ಹೋಗಲಿಲ್ಲ. ಸೂಪರ್ ಮಾರ್ಕೆಟ್‌ನ ಸಾಲು ಸಾಲು ಡಬ್ಬ ನೋಡಿದರೆ ತಲೆ ತಿರುಗುತ್ತಿತ್ತು. ಅದು ಒಳಕಿವಿಗೂ ಕಣ್ಣಿಗೂ ಹೊಂದಾಣಿಕೆ ತಪ್ಪಿದ್ದು, ಅದಕ್ಕೆ ಫಿಸಿಯೋಥೆರಪಿಸ್ಟ್ ಬೇರೆ ವ್ಯಾಯಾಮ ಕೊಟ್ಟರು: ಹೆಬ್ಬೆರಳು ನೋಡುತ್ತಾ ತಲೆ ಆಚೆ ಈಚೆ ತಿರುಗಿಸೋದು. ಬೆಳಕು ಚುಚ್ಚುತ್ತಿತ್ತು ಅಂತ ಮನೆಯೊಳಗೂ ಕಪ್ಪು ಕನ್ನಡಕ ಹಾಕುತ್ತಿದ್ದೆ, ಅದು ನನ್ನ ದೊಡ್ಡ ತಪ್ಪು. ಕಣ್ಣು ಕತ್ತಲೆಗೆ ಒಗ್ಗಿಹೋಗಿ ಬೆಳಕು ಇನ್ನೂ ಚುಚ್ಚುತ್ತೆ. ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು.

ಓದೋದನ್ನು ಪೂರ್ತಿ ನಿಲ್ಲಿಸಬೇಡಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗೋ ಸಲಹೆ ಹಳೇದಾಯಿತು, ಈಗ ಮೊದಲ ಒಂದೆರಡು ದಿನದ ವಿಶ್ರಾಂತಿ ಸಾಕು ಅಂತಾರೆ. ನನಗೆ ಕೊಟ್ಟ ನಿಯಮ ಇದು: ತಲೆನೋವಿಗೆ ಹತ್ತಕ್ಕೆ ಅಂಕ ಕೊಡಿ, ಓದುವಾಗ ಎರಡು ಅಂಕಕ್ಕಿಂತ ಜಾಸ್ತಿ ಏರಿದರೆ ನಿಲ್ಲಿಸಿ. ಐದು ನಿಮಿಷದಿಂದ ಶುರು ಮಾಡಿದೆ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊಯ್ದು ಪುಟದ ಮೇಲೆ ಜಾರಿಸುತ್ತಾ ಓದಿ, ಸಾಲು ಹಾರಲ್ಲ. ಐದು ರೂಪಾಯಿ ಖರ್ಚಿಲ್ಲ.

ಒಂದು ಪರೀಕ್ಷೆ ಇವತ್ತೇ ಮಾಡಿ. ಎರಡೆರಡು ಕಂಡಾಗ ಒಂದು ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದರೂ ಒಂದೇ ಕಂಡರೆ ತೊಂದರೆ ಜೋಡಿಯದ್ದು. ಮುಚ್ಚಿದ ಮೇಲೂ ಎರಡು ಕಂಡರೆ ಆ ತೆರೆದ ಕಣ್ಣಿನದ್ದೇ ಏನೋ ಇದೆ, ಅದಕ್ಕೆ ದಾರ ಮಣಿ ಕೆಲಸಕ್ಕೆ ಬರಲ್ಲ. ಮೇಲೆ ಕೆಳಗೆ ಎರಡು ಕಾಣುತ್ತಿದ್ದರೆ, ತಲೆ ಒಂದು ಕಡೆ ವಾಲಿಸಿದರೆ ಮಾತ್ರ ಸರಿಹೋದರೆ, ಅದು ಕಣ್ಣಿನ ನರದ ಪೆಟ್ಟು ಇರಬಹುದು, ಕಣ್ಣಿನ ಡಾಕ್ಟರೇ ನೋಡಬೇಕು. ಒಂದು ಪಾಪೆ ದೊಡ್ಡದಾಗಿದ್ದರೆ, ರೆಪ್ಪೆ ಜೋತುಬಿದ್ದರೆ, ಕಣ್ಣ ಮುಂದೆ ಪರದೆ ಎಳೆದ ಹಾಗಾದರೆ, ಮಿಂಚು ಹೊಡೆದ ಹಾಗೆ ಕಂಡರೆ, ತಲೆನೋವು ವಾಂತಿ ದಿನೇ ದಿನೇ ಜಾಸ್ತಿ ಆದರೆ ಈ ಉತ್ತರ ಮುಚ್ಚಿಟ್ಟು ಎಮರ್ಜೆನ್ಸಿಗೆ ಹೋಗಿ.

ಕೊನೆಗೆ ಬೈಕ್ ಓಡಿಸಬಹುದಾ ಅಂತ ಕೇಳಿದ್ದೀರಿ. ಎರಡೆರಡು ಕಾಣೋದು ನಿಂತು, ಡಾಕ್ಟರ್ ಸರಿ ಅನ್ನೋವರೆಗೂ ಬೇಡ. ನಾನು ಐದು ತಿಂಗಳು ಬಸ್ಸಲ್ಲೇ ಓಡಾಡಿದೆ, ಅದೂ ಕಿಟಕಿ ಸೀಟು ಬಿಟ್ಟು.