ವೇದಿಕೆಯ ಜಗಳ, ಮನೆಯ ಜಗಳ

ದಂಪತಿ ಇರುವುದು ಅಮೆರಿಕದ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ. ಆತನದು ಉದ್ಯೋಗದ ಮೇಲೆ ಸಿಗುವ ಎಚ್-1ಬಿ ವೀಸಾ, ಸಾಫ್ಟ್‌ವೇರ್ ಕೆಲಸ. ಇಲ್ಲಿ ಬ್ಯಾಂಕಿನಲ್ಲಿದ್ದ ಆಕೆ ಅಲ್ಲಿ ಎಚ್-4 ಮೇಲೆ, ಅಂದರೆ ಗಂಡನ ವೀಸಾಕ್ಕೆ ಅಂಟಿಕೊಂಡ ಸಂಗಾತಿಯ ವೀಸಾ ಮೇಲೆ, ಮನೆಯಲ್ಲೇ. ರಜೆಗೆ ಮೈಸೂರಿಗೆ ಬಂದಾಗ ಆಕೆಯ ಅಕ್ಕ ಇಬ್ಬರನ್ನೂ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಜಗಳ ಯಾತಕ್ಕೆ ಅಂದರೆ ಇಬ್ಬರಿಗೂ ಹೇಳಲು ತೋಚಲಿಲ್ಲ. ಆಕೆ ಮೊಬೈಲ್ ತೆಗೆದು ವಿಡಿಯೊ ತೋರಿಸಿದಳು. ಆತನ ಕಚೇರಿಯ ಪಾರ್ಟಿ, ಕರೋಕೆ. ಇಬ್ಬರೂ ‘ಜಾಕ್ಸನ್’ ಹಾಡುತ್ತಿದ್ದಾರೆ. ಜಾನಿ ಕ್ಯಾಶ್ ಮತ್ತು ಜೂನ್ ಕಾರ್ಟರ್ 1967ರಲ್ಲಿ ಹಾಡಿ ಗ್ರ್ಯಾಮಿ ಗಳಿಸಿದ ಕಂಟ್ರಿ ಯುಗಳಗೀತೆ ಅದು. ಮದುವೆಯ ಬಿಸಿ ಆರಿದ ಗಂಡ, ಜಾಕ್ಸನ್ ಪೇಟೆಗೆ ಹೋಗಿ ಮಜಾ ಉಡಾಯಿಸುತ್ತೇನೆ ಎಂದು ಜಂಬ ಕೊಚ್ಚುತ್ತಾನೆ. ಹೋಗು, ನಗೆಪಾಟಲಾಗಿ ಬಾ ಎಂದು ಹೆಂಡತಿ ಅವನ ಜಂಬ ಇಳಿಸುತ್ತಾಳೆ. (ಹಾಡಿದವರಿಬ್ಬರಿಗೆ ಆಗಿನ್ನೂ ಮದುವೆಯಾಗಿರಲಿಲ್ಲ, ಆದದ್ದು 1968ರ ಮಾರ್ಚ್‌ನಲ್ಲಿ.) ವಿಡಿಯೊದಲ್ಲಿ ಆತ ಹ್ಯಾಟು ಹಣೆಗೆ ಎಳೆದುಕೊಂಡಿದ್ದಾನೆ, ಈಕೆ ಸೊಂಟಕ್ಕೆ ಕೈಯಿಟ್ಟು ಗತ್ತಿನಿಂದ ನಿಂತಿದ್ದಾಳೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ.

ಆಕೆ ಅಲ್ಲಿಗೇ ನಿಲ್ಲಿಸಿದಳು. “ನೋಡಿ ಮೇಡಂ, ಹೋಗು ಅಂತ ಎಷ್ಟು ಜೋರಾಗಿ ಹೇಳ್ತಿದೀನಿ. ಮನೇಲಿ ಇವರು ‘ಟಿಕೆಟ್ ಬುಕ್ ಮಾಡ್ತೀನಿ, ಊರಿಗೆ ನಡಿ’ ಅಂದ್ರೆ ನನಗೆ ಬಾಯೇ ಬರಲ್ಲ.”

“ಸಿಟ್ಟಲ್ಲಿ ಅನ್ನೋದು ಮೇಡಂ. ಯಾವತ್ತಾದ್ರೂ ಬುಕ್ ಮಾಡಿದೀನಾ?” ಅಂದ ಆತ.

ಬೆದರಿಕೆಯ ಮಾತು ಬಂದ ಕಡೆ ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡುತ್ತೇನೆ. ಹೊಡೆತ ಬಡಿತ ಇದ್ದಿದ್ದರೆ ಜೊತೆಗೆ ಕೂರಿಸುತ್ತಲೇ ಇರಲಿಲ್ಲ. ಅದು ಇರಲಿಲ್ಲ. ಆದರೆ ಪಾಸ್‌ಪೋರ್ಟ್ ಇರುವ ಲಾಕರ್‌ನ ನಂಬರ್ ಆಕೆಗೆ ಗೊತ್ತಿಲ್ಲ. ಆಕೆಯ ಹೆಸರಲ್ಲಿ ಖಾತೆಯಿಲ್ಲ. ವಿಚ್ಛೇದನವಾದರೆ ಎಚ್-4 ಕೂಡ ಅಲ್ಲಿಗೆ ಮುಗಿಯಿತು. ಹಾಡಿನ ಹೆಂಡತಿ ನಕ್ಕಳೆಂದರೆ ಅವಳಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಈಕೆಯದು ಹಾಗಲ್ಲ. ‘ಸಿಟ್ಟಲ್ಲಿ ಅಂದದ್ದು’ ಎನ್ನುವ ಗಂಡಂದಿರು ನನಗೆ ಹೊಸಬರಲ್ಲ. ಕೇಳಿಸಿಕೊಂಡವರ ರಾತ್ರಿ ಹೇಗೆ ಕಳೆಯಿತು ಎಂದು ಅವರಲ್ಲಿ ವಿಚಾರಿಸುವವರು ಕಡಿಮೆ.

ಆತನೂ ಒಬ್ಬನೇ ಕೂತಾಗ ಬೇರೆಯೇ ವಿಷಯ ಹೊರಬಿತ್ತು. ತಂಡದಲ್ಲಿ ಕೆಲವರ ಕೆಲಸ ಹೋಗಿದೆ. ತನ್ನದೂ ಹೋದರೆ ಅಲ್ಲಿರಲು ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಈ ಭಯ ಹೆಂಡತಿಗೆ ಹೇಳಿಲ್ಲ. ಊರಿಗೆ ಹೋಗಬೇಕಾದೀತೆಂಬ ತನ್ನ ಹೆದರಿಕೆಯನ್ನೇ ಆಕೆಯ ಮೇಲೆ ಬೀಸುತ್ತಿದ್ದ.

ಇಬ್ಬರನ್ನೂ ಕೂರಿಸಿ ಹೇಳಿದ್ದು ಇಷ್ಟು. ಜಗಳದಲ್ಲಿ ‘ಊರಿಗೆ ಕಳಿಸ್ತೀನಿ’ ಎಂಬ ಮಾತು ಬರಕೂಡದು. ನಿಜಕ್ಕೂ ಬೇರೆಯಾಗಬೇಕೆನಿಸಿದರೆ ಸಿಟ್ಟಿಲ್ಲದ ಹೊತ್ತಲ್ಲಿ, ಮೂರನೆಯವರ ಎದುರು ಹೇಳಲಿ. ಆಕೆಯ ಪಾಸ್‌ಪೋರ್ಟ್, ವೀಸಾ ಕಾಗದ, ಮದುವೆ ಪ್ರಮಾಣಪತ್ರ ಆಕೆಯ ಬ್ಯಾಗಿನಲ್ಲೇ ಇರಲಿ. ಆಕೆಯ ಹೆಸರಲ್ಲಿ ಖಾತೆ ತೆರೆಯಲಿ. ಗಂಡನ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ದಾರಿಯ ಐ-140 ಎಂಬ ಅರ್ಜಿ ಮಂಜೂರಾಗಿದೆ. ಅಂಥವರ ಸಂಗಾತಿಗೆ 2015ರಿಂದ ಕೆಲಸದ ಪರವಾನಗಿ ಕೇಳುವ ಅವಕಾಶವಿದೆ. ‘ನೋಡೋಣ’ ಎಂದು ಆತ ಮುಂದೂಡುತ್ತಲೇ ಬಂದಿದ್ದ. ಅರ್ಜಿ ಹಾಕಬೇಕಾದವಳು ಆಕೆಯೇ, ಆತ ಕೊಡಬೇಕಾದ್ದು ಕಾಗದ. ಅಂದೇ ಕೊಡುವಂತೆ ಆತನನ್ನು ಒಪ್ಪಿಸಿದೆ.

ಜಗಳದ ಬಗ್ಗೆಯೂ ಒಂದು ಮಾತು. ಎದೆ ಡವಗುಟ್ಟತೊಡಗಿದಾಗ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಆಗ 20 ನಿಮಿಷವಾದರೂ ಬೇರೆ ಕೋಣೆಗೆ ಹೋಗಿ, ಹೋಗುವವರು ಯಾವಾಗ ಬರುತ್ತೀನೆಂದು ಹೇಳಿಯೇ ಹೋಗಿ. ಮರಳಿದ ಮೇಲೆ ಒಬ್ಬರು ಹೇಳಲಿ, ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಲಿ, ಸರಿಯೆಂದ ಮೇಲೆ ಸರದಿ ಬದಲಾಗಲಿ. ಯುಗಳಗೀತೆ ಹಾಡಿ ಅಭ್ಯಾಸವಿರುವವರಿಗೆ ಇದು ಕಷ್ಟವಾಗಲಿಲ್ಲ. ಆತ ಮಾತ್ರ ನಡುನಡುವೆ ಬಾಯಿ ಹಾಕುತ್ತಿದ್ದ.

ಆಕೆಗೆ ಒಬ್ಬಳೇ ಇದ್ದಾಗ ಅಮೆರಿಕದ ಕೌಟುಂಬಿಕ ಹಿಂಸೆ ಸಹಾಯವಾಣಿಯ ಸಂಖ್ಯೆ, 1-800-799-7233, ಬರೆದುಕೊಟ್ಟೆ. ಬೇಕಾಗಲಿಕ್ಕಿಲ್ಲ, ಇರಲಿ ಅಂತ.

ಹೊರಡುವ ಮೊದಲು ಪಾಸ್‌ಪೋರ್ಟ್ ಆಕೆಯ ಕೈಗೆ ಬಂದಿತ್ತು. ಮುಂದಿನ ಭೇಟಿಗಳಿಗೆ ಟೆನೆಸ್ಸಿಯಲ್ಲೇ ಪರವಾನಗಿ ಇರುವ ಆಪ್ತಸಲಹೆಗಾರರನ್ನು ನೋಡಲು ಹೇಳಿದ್ದೇನೆ. ಕೆಲಸ ಹೋದರೆ ಆ 60 ದಿನಕ್ಕೆ ಖರ್ಚೆಷ್ಟು, ಉಳಿತಾಯವೆಷ್ಟು ಎಂದು ಇಬ್ಬರೂ ಜೊತೆಗೆ ಕೂತು ಬರೆದುಕೊಂಡು ಅವರ ಬಳಿ ಹೋಗಬೇಕು.