ಪಕ್ಕದ ದೇಶದಲ್ಲಿ ಕಾಲುಬಾಯಿ ಬೇನೆ ಬಂದಾಗ ಗಡಿ ಮುಚ್ಚಿದರೆ ಸಾಕಲ್ವಾ?

ಗಡಿ ಭಾಗಕ್ಕೆ ಹೊಸದಾಗಿ ಬಂದ ಪಶುವೈದ್ಯರು ನೀವು. ಪಕ್ಕದ ದೇಶದವರು ರೋಗದ ಸುದ್ದಿ ಮುಚ್ಚಿಡುತ್ತಾರೆ ಎಂಬ ಸಿಟ್ಟು ನಿಮಗಿದೆ. ಅವರ ಜೊತೆ ಸಭೆ, ಜಂಟಿ ಲಸಿಕೆ ಅಂತ ಹಣ ಸುರಿಯುವ ಬದಲು ಗಡಿ ಮುಚ್ಚಿ, ನಮ್ಮ ದನಗಳಿಗೆ ನಾವು ಲಸಿಕೆ ಹಾಕಿಕೊಂಡರೆ ಸಾಕಲ್ವಾ ಎಂದು ಕೇಳಿದ್ದೀರಿ. ನೀವು ಹೇಳಿದ್ದನ್ನೆಲ್ಲ ನಾನು ಮಾಡಿ ನೋಡಿದ್ದೇನೆ. ಅಚ್ಚುಕಟ್ಟಾಗಿಯೇ ಮಾಡಿದ್ದೆ. ಆದರೂ ರೋಗ ಬಂತು.

ಆಗ ಗಡಿಯ ಪಶು ತಪಾಸಣೆ ಚೆಕ್‌ಪೋಸ್ಟ್ ನನ್ನ ಹೊಣೆಯಲ್ಲಿತ್ತು. ಆ ಕಡೆ ಕಾಲುಬಾಯಿ ಬೇನೆ ಬಂದಿದೆ ಎಂದು ನಮಗೆ ಮೊದಲು ಹೇಳಿದ್ದು ದನದ ವ್ಯಾಪಾರಿಗಳು. ದನಗಳು ಜೊಲ್ಲು ಸುರಿಸುತ್ತಿವೆ, ಕುಂಟುತ್ತಿವೆ, ಮೇವು ಮುಟ್ಟುತ್ತಿಲ್ಲ ಎಂದರು. ಅಂದೇ ಗಡಿ ಬಂದ್ ಮಾಡಿಸಿದೆವು. ಸಂತೆ ನಿಲ್ಲಿಸಿದೆವು. ಗಡಿಗೆ ತಾಗಿದ ಊರುಗಳಲ್ಲಿ ಸಿಕ್ಕ ದನಕ್ಕೆಲ್ಲ ಲಸಿಕೆ ಹಾಕಿದೆವು. ಮೇಲಿನವರಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಕೆಲವು ವಾರ ಕಳೆಯುವಷ್ಟರಲ್ಲಿ ಲಸಿಕೆ ಹಾಕಿಸಿಕೊಂಡ ಅದೇ ದನಗಳ ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಗುಳ್ಳೆ.

ಎಲ್ಲಿ ಎಡವಿದೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕಾಲೇಜಿನಲ್ಲಿ ಓದಿದ್ದೀರಿ, ಆದರೆ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ. ಕಾಲುಬಾಯಿ ಬೇನೆಗೆ ಹೆಸರು ಒಂದೇ, ವೈರಸ್ ಏಳು ಬಗೆ: ಓ, ಎ, ಸಿ, ಏಷ್ಯಾ-1, ಮತ್ತೆ ಸ್ಯಾಟ್-1, 2, 3. ಇದರಲ್ಲಿ ಸಿ ಬಗೆ 2004ರ ನಂತರ ಎಲ್ಲೂ ಕಂಡಿಲ್ಲ. ಒಂದು ಬಗೆಯ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಅಷ್ಟೇ ಅಲ್ಲ, ಒಂದೇ ಬಗೆಯೊಳಗೂ ತಳಿ ತೀರಾ ಬೇರೆಯಾಗಿದ್ದರೆ ಲಸಿಕೆಯಿಂದ ಸಿಗುವ ರಕ್ಷಣೆ ಕಡಿಮೆಯೇ. ನಮ್ಮ ಫ್ರಿಜ್ಜಿನಲ್ಲಿದ್ದದ್ದು ಓ ಮತ್ತು ಎ ಇದ್ದ ಲಸಿಕೆ. ಆ ಕಡೆ ಓಡಾಡುತ್ತಿದ್ದದ್ದು ಏಷ್ಯಾ-1. ಅವರ ಪ್ರಯೋಗಾಲಯ ಅದನ್ನು ಆಗಲೇ ಪತ್ತೆ ಹಚ್ಚಿತ್ತು. ಗುಟ್ಟೇನೂ ಇರಲಿಲ್ಲ. ಅಲ್ಲಿನ ಪಶುವೈದ್ಯರಿಗೆ ಒಂದು ಫೋನ್ ಮಾಡಿ 'ಯಾವ ಟೈಪು ಸಾರ್?' ಎಂದಿದ್ದರೆ ಹೇಳಿಬಿಡುತ್ತಿದ್ದರು. ನಾನು ಕೇಳಲೇ ಇಲ್ಲ.

ಯಾಕೆ ಕೇಳಲಿಲ್ಲ ಅಂದರೆ, ಮೊದಲನೆಯದು ಸಿಟ್ಟು. ಸುದ್ದಿ ಹೇಳದವರ ಹತ್ತಿರ ನಾನೇಕೆ ಕೇಳಲಿ ಎಂಬ ಜಂಬ. ಎರಡನೆಯದು ಕಚೇರಿಯ ದಾರಿ: ಕಾಗದ ರಾಜಧಾನಿಗೆ ಹೋಗಬೇಕು, ಅಲ್ಲಿಂದ ಇನ್ನೊಂದು ರಾಜಧಾನಿಗೆ, ಅಲ್ಲಿಂದ ಕೆಳಕ್ಕೆ. ಅದರ ನಡುವೆ ಫೋನ್ ಮಾಡಿದರೆ ಶಿಸ್ತು ಮೀರಿದ ಹಾಗೆ ಎಂಬ ಹೆದರಿಕೆ. ಮೂರನೆಯದೇ ದೊಡ್ಡದು. ಲಸಿಕೆ ಕೈಯಲ್ಲಿತ್ತು, ಏನಾದರೂ ಮಾಡಿದ ಹಾಗೆ ಕಾಣಬೇಕಿತ್ತು. ಲಸಿಕೆ ಹಾಕುವ ಫೋಟೋ ಚೆನ್ನಾಗಿ ಬರುತ್ತದೆ, ಫೋನ್ ಮಾಡುವ ಫೋಟೋ ಯಾರಿಗೆ ಬೇಕು?

ಗಡಿ ಮುಚ್ಚಿದ್ದೂ ಕೆಲಸಕ್ಕೆ ಬರಲಿಲ್ಲ. ಆ ಕಡೆ ದನದ ಬೆಲೆ ಬಿತ್ತು, ಈ ಕಡೆ ಏರಿತು. ಚೆಕ್‌ಪೋಸ್ಟಿನಲ್ಲಿ ಬರುತ್ತಿದ್ದ ದನ ರಾತ್ರಿ ಹೊಳೆ ದಾಟಿ ಬಂದವು. ಹಾಗೆ ಬಂದ ದನ ಕುಂಟಿದರೆ ಯಾವ ರೈತ ತಾನೇ ವೈದ್ಯರಿಗೆ ತೋರಿಸುತ್ತಾನೆ? ಕುರಿಗಳದ್ದಂತೂ ಕೇಳಲೇಬೇಡಿ. ಎಷ್ಟೋ ಸಲ ಅವುಗಳಲ್ಲಿ ಲಕ್ಷಣವೇ ಸರಿಯಾಗಿ ಕಾಣುವುದಿಲ್ಲ. ದನಗಳೂ ಗುಳ್ಳೆ ಕಾಣುವ ಮೊದಲೇ ವೈರಸ್ ಹೊರಹಾಕುತ್ತವೆ. ಚೆಕ್‌ಪೋಸ್ಟಿನಲ್ಲಿ ಬಾಯಿ ತೆಗೆಸಿ ನೋಡಿದರೆ ಸಿಗುವುದು ಅಷ್ಟಕ್ಕಷ್ಟೇ. 1981ರಲ್ಲಿ ಫ್ರಾನ್ಸಿನ ಬ್ರಿಟನಿ ಕಡೆಯ ಹಂದಿಗಳಿಂದ ಹೊರಟ ವೈರಸ್ ಗಾಳಿಯಲ್ಲೇ ಸಮುದ್ರ ದಾಟಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ದನಗಳಿಗೆ ತಗುಲಿತ್ತು. ಅಲ್ಲಿ ಯಾವ ಗೇಟು ಹಾಕುತ್ತೀರಿ?

ಇನ್ನು ಚರ್ಮಗಂಟು ರೋಗ. ಅದನ್ನು ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿ. 2015ರಲ್ಲಿ ಗ್ರೀಸಿಗೆ ಬಂತು. ಮುಂದಿನ ವರ್ಷ ಬಲ್ಗೇರಿಯಾ, ಸರ್ಬಿಯಾ, ಅಲ್ಬೇನಿಯಾ ಎಂದು ಆಗ್ನೇಯ ಯುರೋಪಿನ ಬಾಲ್ಕನ್ ಪ್ರದೇಶದ ಹಲವು ದೇಶಗಳನ್ನು ಸುತ್ತಿತು. ಅಲ್ಲಿನ ದೇಶಗಳು ಒಟ್ಟಾಗಿ, ಒಂದೇ ಹೊತ್ತಿನಲ್ಲಿ ಲಸಿಕೆ ಹಾಕಿದವು. ಯುರೋಪಿಯನ್ ಒಕ್ಕೂಟದ ಲಸಿಕೆ ದಾಸ್ತಾನಿನಿಂದ ಡೋಸ್ ಬಂದವು. ಕ್ರೊಯೇಷಿಯಾದಲ್ಲಿ ಒಂದು ಪ್ರಕರಣವೂ ಇರಲಿಲ್ಲ, ಆದರೂ ಹಾಕಿಸಿತು. 2016ರಲ್ಲಿ ಆ ಪ್ರದೇಶದಲ್ಲಿ 7,483 ಕಡೆ ಕಾಣಿಸಿದ್ದ ರೋಗ 2017ರಲ್ಲಿ 385 ಕಡೆಗೆ ಇಳಿಯಿತು.

ಹಾಗಾಗಿ ನನ್ನ ಮಾತು ಇಷ್ಟು: ಗಡಿಯಾಚೆ ನಿಮ್ಮ ಹುದ್ದೆಯಲ್ಲೇ ಇರುವ ವೈದ್ಯರು ಯಾರು ಎಂದು ಈ ವಾರವೇ ತಿಳಿದುಕೊಳ್ಳಿ. ಅವರೊಡನೆ ಮಾತಾಡಲು ಮೇಲಿನವರ ಒಪ್ಪಿಗೆಯನ್ನು ರೋಗ ಇಲ್ಲದಾಗಲೇ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ. ರೋಗ ಬಂದ ಮೇಲೆ ಯಾರೂ ಸಹಿ ಹಾಕುವುದಿಲ್ಲ. ಅವರನ್ನು ಕೇಳಬೇಕಾದ್ದು ಯಾವ ಟೈಪು, ಯಾವ ಲಸಿಕೆ, ಯಾವ ತಿಂಗಳು ಹಾಕುತ್ತಾರೆ, ದನ ಯಾವ ಸಂತೆಯಿಂದ ಹೊರಡುತ್ತವೆ. ನಿಮ್ಮ ಲಸಿಕೆ ಅಭಿಯಾನವನ್ನೂ ಅದೇ ತಿಂಗಳಿಗೆ ಹೊಂದಿಸಿ. ಸುಮ್ನೆ ಸಭೆ, ಹಾರ, ಭಾಷಣ ಬೇಡ. ಆ ವಿಷಯದಲ್ಲಿ ನಿಮ್ಮ ಸಿಟ್ಟು ಸರಿಯೇ.

ಅವರು ಮುಚ್ಚಿಡುತ್ತಾರೆ ಅಂತೀರಿ. ಇಂಥ ರೋಗ ಹೊಸದಾಗಿ ಕಂಡರೆ 24 ಗಂಟೆಯೊಳಗೆ ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಗೆ ತಿಳಿಸಬೇಕು ಎಂಬ ನಿಯಮವೇನೋ ಇದೆ. ಆದರೆ ತಿಳಿಸಿದ ತಕ್ಷಣ ನಾವು ಇಡೀ ದೇಶದ ಜಾನುವಾರು, ಹಾಲು, ಮಾಂಸ ಎಲ್ಲ ನಿಲ್ಲಿಸಿಬಿಟ್ಟರೆ ಮುಂದಿನ ಸಲ ಅವರು ಬಾಯಿ ಬಿಡುತ್ತಾರಾ? ರೋಗ ಇರುವ ವಲಯವನ್ನಷ್ಟೇ ತಡೆಯಲು ಅದೇ ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿದೆ. ಅದನ್ನು ಬಳಸಿ.

ಕೊನೆಗೆ, ಅವರ ದನಕ್ಕೆ ನಮ್ಮ ಹಣ ಯಾಕೆ ಎಂಬ ನಿಮ್ಮ ಮಾತು. ಕಾಲುಬಾಯಿ ಬೇನೆ ತಡೆಯಲು 1954ರಲ್ಲಿ ಹುಟ್ಟಿದ ಯುರೋಪಿನ ಆಯೋಗ, ಗ್ರೀಸ್, ಬಲ್ಗೇರಿಯಾ ಗಡಿಗೆ ತಾಗಿದ ಟರ್ಕಿಯ ಥ್ರೇಸ್ ಪ್ರದೇಶದ ದನಗಳ ಲಸಿಕೆಗೆ ದಶಕಗಳ ಕಾಲ ನೆರವು ಕೊಟ್ಟಿತು. ಪುಣ್ಯಕ್ಕಲ್ಲ. ರೋಗ ಯುರೋಪಿಗೆ ನುಗ್ಗುವ ದಾರಿ ಅದೇ ಆಗಿತ್ತು. 2010ರಲ್ಲಿ ಥ್ರೇಸ್‌ಗೆ 'ಲಸಿಕೆ ಸಹಿತ ರೋಗಮುಕ್ತ ವಲಯ' ಎಂಬ ಮಾನ್ಯತೆ ಸಿಕ್ಕಿತು. ಗ್ರೀಸ್, ಟರ್ಕಿ ಎಷ್ಟು ಜಗಳಾಡುವ ನೆರೆಹೊರೆ ಎಂಬುದು ನಿಮಗೂ ಗೊತ್ತು. ಆದರೂ ಥ್ರೇಸ್‌ನಲ್ಲಿ ಆ ಎರಡು ದೇಶಗಳ ಮತ್ತು ಬಲ್ಗೇರಿಯಾದ ಪಶುವೈದ್ಯರು ಒಂದೇ ಯೋಜನೆಯಡಿ ದನ, ಕುರಿಗಳ ತಪಾಸಣೆ ಮಾಡಿ ಫಲಿತಾಂಶ ಹಂಚಿಕೊಳ್ಳುತ್ತಾರೆ.